ಪಂಡಿತಾ ರಮಾಬಾಯಿ

ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಹೆಸರಾದ ಗಂಗಾಮೂಲವು ಸಹ್ಯಾದ್ರಿಯ ದಟ್ಟವಾದ ಅರಣ್ಯಪ್ರದೇಶ. ಅಲ್ಲಿನ ಒಂದು ಆಶ್ರಮದಂತಹ ಮನೆಯಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸಮೀಪದ ಮಾಳದವರು, ಸಂಸ್ಕೃತದಲ್ಲಿ ಘನವಿದ್ವಾಂಸರು. ಅವರ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೆ ಸಂಸ್ಕೃತವನ್ನು ಬೋಧಿಸುತ್ತಿದ್ದರು. ಅದನ್ನು ಕಂಡಿದ್ದ ಅನಂತಶಾಸ್ತ್ರಿಗಳು ತಮ್ಮ ಪತ್ನಿ ಲಕ್ಷ್ಮೀಬಾಯಿಗೂ ಆ ವಿದ್ಯೆಯನ್ನು ಕಲಿಸಲು ನಿಶ್ಚಯಿಸಿದರು. ಸ್ತ್ರೀಗೆ ದೇವಭಾಷೆಯನ್ನು ಕಲಿಸುವುದು ಶಾಸ್ತ್ರವಿರುದ್ಧವೆಂದು ಹಲವರು ಆಕ್ಷೇಪಿಸಿದರು. ಶಾಸ್ತ್ರಿಗಳು ಉಡುಪಿಯಲ್ಲಿ ನೆರೆದ ವಿದ್ವಾಂಸರ ಮುಂದೆ ಶಾಸ್ತ್ರಗ್ರಂಥಗಳ ಆಧಾರದಿಂದಲೇ ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಬಳಿಕ ಗಂಗಾಮೂಲದಲ್ಲಿ ನೆಲೆಸಿ, ಪತ್ನಿಗೂ ಶಿಷ್ಯರಿಗೂ ಪಾಠ ಹೇಳತೊಡಗಿದರು.

ಶಿಷ್ಯರ ಮತ್ತು ಅತಿಥಿಗಳ ಪೋಷಣೆಯಲ್ಲಿ ಅವರ ಸಂಪತ್ತು ಕರಗಿಹೋಯಿತು. ಕುಟುಂಬವು ತೀರ್ಥಯಾತ್ರೆಗೆ ಹೊರಟಾಗ ರಮಾಬಾಯಿ ಆರು ತಿಂಗಳ ಕೂಸು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಅವರನ್ನು ಬೆಟ್ಟದಿಂದ ಇಳಿಸಿದರು. ಆ ಅಲೆದಾಟವೇ ಅವರ ಪಾಠಶಾಲೆಯಾಯಿತು. ತಂದೆ ವೃದ್ಧರಾಗಿದ್ದುದರಿಂದ ತಾಯಿಯೇ ಗುರುವಾದರು. ಪುರಾಣಗಳ ಸಾವಿರಾರು ಶ್ಲೋಕಗಳು ಬಾಲಕಿಗೆ ಕಂಠಸ್ಥವಾದವು. ಕನ್ನಡ, ಮರಾಠಿ, ಹಿಂದೂಸ್ತಾನಿ ಭಾಷೆಗಳೂ ತಿಳಿದವು.

ಮದ್ರಾಸ್ ಪ್ರಾಂತದಲ್ಲಿ ಕ್ಷಾಮ ತಲೆದೋರಿದಾಗ ಈ ಕುಟುಂಬವು ಅನ್ನವಿಲ್ಲದೆ ಬಳಲಿತು. 1874ರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಸ್ವಲ್ಪ ಕಾಲದಲ್ಲಿಯೇ ಅಕ್ಕ ಕೃಷ್ಣಾಬಾಯಿಯೂ ಗತಿಸಿದರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ. ಇಬ್ಬರೂ ಕಾಲ್ನಡಿಗೆಯಲ್ಲಿ ದೇಶ ಸುತ್ತಿ, ಪುರಾಣಪ್ರವಚನ ಮಾಡುತ್ತ 1878ರಲ್ಲಿ ಕಲ್ಕತ್ತೆಯನ್ನು ತಲುಪಿದರು. ಆ ಇಪ್ಪತ್ತರ ಯುವತಿಯ ಪಾಂಡಿತ್ಯವನ್ನು ಪರೀಕ್ಷಿಸಿದ ಅಲ್ಲಿನ ವಿದ್ವಾಂಸರು ಬೆರಗಾಗಿ, ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನಿತ್ತು ಗೌರವಿಸಿದರು.

1880ರಲ್ಲಿ ಅಣ್ಣನೂ ಮರಣಹೊಂದಿದನು. ಅದೇ ವರ್ಷ ರಮಾಬಾಯಿ ಜಾತಿಯ ಕಟ್ಟನ್ನು ಮೀರಿ, ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. 1881ರಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. ಆದರೆ 1882ರಲ್ಲಿ ಕಾಲರಾ ರೋಗವು ಪತಿಯನ್ನು ಕೊಂಡೊಯ್ದಿತು. ಇಪ್ಪತ್ತನಾಲ್ಕು ತುಂಬುವ ಮೊದಲೇ ವಿಧವೆಯಾದ ಅವರು ಹಸುಗೂಸಿನೊಡನೆ ಪುಣೆಗೆ ಬಂದು, ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಯರಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿಕೆಯನ್ನು ನೀಡಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದ ಅವರು ಅಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. 1886ರಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯಪದವಿ ಪಡೆದ ಸಮಾರಂಭಕ್ಕಾಗಿ ಅಮೆರಿಕೆಯ ಫಿಲಡೆಲ್ಫಿಯಕ್ಕೆ ತೆರಳಿದರು. ಮರುವರ್ಷ ಭಾರತದ ಮೇಲ್ಜಾತಿಯ ಹಿಂದೂ ಸ್ತ್ರೀಯರ ದುಃಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಆ ದೇಶದ ಅಭಿಮಾನಿಗಳು ಅವರ ಕಾರ್ಯಕ್ಕೆ ಹತ್ತು ವರ್ಷಗಳ ಕಾಲ ನೆರವೀಯಲು ಮುಂದಾದರು.

ಅದರ ಫಲವಾಗಿ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಯಿತು. ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕುಳಿತಿರಬೇಕಾಗಿದ್ದ ಬಾಲವಿಧವೆಯರು ಅಲ್ಲಿ ಪುಸ್ತಕ ಹಿಡಿದರು. ಅವರಲ್ಲೊಬ್ಬರಾದ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು.

ಪುಣೆಗೆ ಸ್ಥಳಾಂತರವಾದ ಸದನಕ್ಕೆ ಅದೇ ವರ್ಷ ಕಠಿಣ ಪರೀಕ್ಷೆಯೊದಗಿತು. ಬಾಲಿಕೆಯರನ್ನು ಮತಾಂತರದ ಕಡೆಗೆ ಒಲಿಸಲಾಗುತ್ತಿದೆಯೆಂಬ ಆರೋಪವೆದ್ದಿತು. ರಾನಡೆ, ಭಂಡಾರಕರರಂತಹ ಸುಧಾರಕರೇ ಸಲಹಾಸಮಿತಿಯಿಂದ ಹೊರಬಂದರು; ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ತಮ್ಮ ಶ್ರದ್ಧೆಯನ್ನು ಮರೆಮಾಡಲಿಲ್ಲ, ಶಾಲೆಯನ್ನೂ ಮುಚ್ಚಲಿಲ್ಲ.

1896-97ರ ಕ್ಷಾಮದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋಗಿ, ಹಸಿವಿನಿಂದ ಸಾಯುತ್ತಿದ್ದ ನೂರಾರು ಬಾಲಿಕೆಯರನ್ನೂ ವಿಧವೆಯರನ್ನೂ ಕರೆತಂದರು. ಹಸಿವೆಂದರೇನೆಂಬುದನ್ನು ಅವರು ಸ್ವತಃ ಅರಿತಿದ್ದರು. ಪುಣೆಯ ಸಮೀಪದ ಕೇಡಗಾಂವದಲ್ಲಿ ಆ ಅನಾಥೆಯರಿಗೆ ಮುಕ್ತಿ ಸದನವು ಆಸರೆಯಾಯಿತು. ಅಲ್ಲಿ ಓದುಬರಹದೊಂದಿಗೆ ನೇಯ್ಗೆ, ಹೊಲಿಗೆ, ಬೇಸಾಯ, ಮುದ್ರಣಗಳನ್ನೂ ಕಲಿಸಲಾಯಿತು.

ಮಗಳು ಮನೋರಮೆ ವಿದ್ಯಾವಂತಳಾಗಿ ತಾಯಿಯ ಬಲಗೈಯಾಗಿದ್ದಳು. 1921ರಲ್ಲಿ ಆಕೆಯೂ ಅಗಲಿದಳು. ಎಂಟೊಂಬತ್ತು ತಿಂಗಳ ಬಳಿಕ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ಇಹಲೋಕವನ್ನು ತ್ಯಜಿಸಿದರು.

ಸ್ವಂತ ಕುಟುಂಬದ ಒಬ್ಬೊಬ್ಬರನ್ನೂ ಕಳೆದುಕೊಂಡ ಈ ಮಹಿಳೆ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳಿಗೆ ತಾಯಿಯಾದರು. ಕಾಡಿನ ಮನೆಯಲ್ಲಿ ತಂದೆಯು ತಾಯಿಗೆ ಕಲಿಸಿದ ಅಕ್ಷರವು ಮಗಳ ಮೂಲಕ ಅಷ್ಟು ದೂರ ಸಾಗಿತು.