ಕಥೆ ಬರೆದವರು ಫ್ರಾನ್ಸಿಸ್ ಮೇರಿಯನ್

ಚಿತ್ರಕಥೆ ಬರೆದವರ ಹೆಸರು ಪರದೆಯ ಮೇಲೆ ಬರುವ ಹೊತ್ತಿಗೆ ನಾವಿನ್ನೂ ಕತ್ತಲಲ್ಲಿ ಸೀಟು ಹುಡುಕುತ್ತಿರುತ್ತೇವೆ. ನೂರಕ್ಕೂ ಹೆಚ್ಚು ಚಿತ್ರಗಳಿಗೆ ಬರೆದ ಫ್ರಾನ್ಸಿಸ್ ಮೇರಿಯನ್ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

1888ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಅವರು ಸಿನಿಮಾ ಕೆಲಸ ಕಲಿತದ್ದು ಲೋಯಿಸ್ ವೆಬರ್ ಎಂಬ ನಿರ್ದೇಶಕಿಯ ಬಳಿ. 1917ರ ‘ದಿ ಪೂರ್ ಲಿಟಲ್ ರಿಚ್ ಗರ್ಲ್’ ಚಿತ್ರದಲ್ಲಿ 24ರ ಮೇರಿ ಪಿಕ್‌ಫರ್ಡ್ ಹನ್ನೊಂದರ ಹುಡುಗಿಯಾಗಿ ನಟಿಸಿದರು. ಗೆಳತಿಯರಿಬ್ಬರೂ ಚಿತ್ರೀಕರಣ ನಡೆಯುತ್ತಿರುವಾಗಲೇ ಮೂಲದಲ್ಲಿಲ್ಲದ ತುಂಟಾಟಗಳನ್ನು ಸೇರಿಸುತ್ತ ಹೋದರು. ಕೆಸರೆರಚಾಟವೂ ಬಂತು. ನಿರ್ದೇಶಕ ಮಾರಿಸ್ ಟೂರ್ನರ್ ಅವರಿಗೆ ಇದು ಹಿಡಿಸಲಿಲ್ಲ. ಸ್ಟುಡಿಯೊದ ದೊಡ್ಡವರು ಚಿತ್ರ ನೋಡಿ ಒಮ್ಮೆಯೂ ನಗಲಿಲ್ಲ. ಗೆಳತಿಯ ಭವಿಷ್ಯಕ್ಕೆ ತಾನೇ ಕಲ್ಲು ಹಾಕಿದೆನೆಂದು ಫ್ರಾನ್ಸಿಸ್ ಕೊರಗಿದರು. ಚಿತ್ರಮಂದಿರದಲ್ಲಿ ಮಾತ್ರ ಜನ ಬಿದ್ದು ಬಿದ್ದು ನಕ್ಕರು!

ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಿ ಮಹಿಳೆಯರ ಯುದ್ಧಸೇವೆಯನ್ನು ದಾಖಲಿಸಿದರು. ಮರಳಿ ಬಂದು ನಟ ಫ್ರೆಡ್ ಥಾಮ್ಸನ್ ಅವರನ್ನು ಮದುವೆಯಾದರು. 1928ರ ಡಿಸೆಂಬರಿನಲ್ಲಿ ಧನುರ್ವಾಯು ಅವರನ್ನು ಕೊಂಡೊಯ್ಯಿತು. ನಲವತ್ತರ ಫ್ರಾನ್ಸಿಸ್, ಇಬ್ಬರು ಪುಟ್ಟ ಗಂಡುಮಕ್ಕಳು. ಅದೇ ಹೊತ್ತಿಗೆ ಸಿನಿಮಾಕ್ಕೆ ಮಾತು ಬಂದಿತ್ತು. ಮೂಕಿ ಚಿತ್ರಗಳ ಎಷ್ಟೋ ಬರಹಗಾರರು ಮೂಲೆ ಸೇರುತ್ತಿದ್ದ ಕಾಲ.

ಅವರು ಕೈಗೆತ್ತಿಕೊಂಡದ್ದು ಗಂಡಸರ ಜೈಲಿನ ಕಥೆ. ಸ್ಯಾನ್ ಕ್ವೆಂಟಿನ್ ಸೆರೆಮನೆಗೆ ಖುದ್ದಾಗಿ ಹೋಗಿ ನೋಡಿ ಬಂದು ‘ದಿ ಬಿಗ್ ಹೌಸ್’ ಬರೆದರು. ಚಿತ್ರ ಸಿದ್ಧವಾಗಿ ಪ್ರಾಯೋಗಿಕ ಪ್ರದರ್ಶನವಾಯಿತು. ಪ್ರೇಕ್ಷಕರು ಮುಖ ಸಿಂಡರಿಸಿದರು. ಜೈಲಿನಿಂದ ತಪ್ಪಿಸಿಕೊಂಡ ನಾಯಕ ಇನ್ನೊಬ್ಬ ಕೈದಿಯ ಹೆಂಡತಿಯನ್ನು ಪ್ರೀತಿಸುವುದು ಅವರಿಗೆ ಸರಿಕಾಣಲಿಲ್ಲ. ನಿರ್ಮಾಣದ ಹೊಣೆ ಹೊತ್ತಿದ್ದ ಅರ್ವಿಂಗ್ ಥಾಲ್‌ಬರ್ಗ್ ಹೆಂಡತಿಯನ್ನು ತಂಗಿಯಾಗಿಸಿದರು! ಒಂದು ಪದದ ಬದಲಾವಣೆ, ಆದರೆ ದೃಶ್ಯಗಳನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಕೊನೆಯ ಗಳಿಗೆಯಲ್ಲಿ ಗಿರಾಕಿಯ ಮಾತಿಗೆ ಕೋಡ್ ತಿದ್ದುವ ನನ್ನಂಥವಳಿಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಥಾಲ್‌ಬರ್ಗ್ ಅವರ ಎಂಜಿಎಂನಲ್ಲಿ ಇದು ಮಾಮೂಲು. ಮರುಚಿತ್ರೀಕರಣಕ್ಕೇ ಆ ಸ್ಟುಡಿಯೊ ಹೆಸರಾಗಿತ್ತು.

ಆ ಚಿತ್ರಕ್ಕಾಗಿ 1930ರಲ್ಲಿ ಬರವಣಿಗೆಯ ಆಸ್ಕರ್ ಪಡೆದ ಮೊದಲ ಮಹಿಳೆ ಅವರಾದರು. ‘ದಿ ಚಾಂಪ್’ ಕಥೆಗೆ ಎರಡನೆಯದೂ ಬಂತು. 1933ರಲ್ಲಿ ಚಿತ್ರಕಥೆಗಾರರು ತಮ್ಮ ಹಕ್ಕಿಗಾಗಿ ಸಂಘ ಕಟ್ಟಿದಾಗ ಅದರ ಉಪಾಧ್ಯಕ್ಷೆಯಾದರು. 1940ರ ದಶಕದಲ್ಲಿ ಹಾಲಿವುಡ್ ಬಿಟ್ಟರು. 1973ರಲ್ಲಿ ತೀರಿಕೊಳ್ಳುವ ಹಿಂದಿನ ವರ್ಷ ಅವರ ಆತ್ಮಕಥೆ ಹೊರಬಂದಿತ್ತು.