ಮೋಕ್ಷಮೂಲರ ಪಂಡಿತರು

ಧರ್ಮವನ್ನು ದೇವಾಲಯದಲ್ಲಿಯೂ ಗುರುಮುಖದಿಂದಲೂ ತಿಳಿಯತಕ್ಕದ್ದೆಂದು ನಂಬಿ ಬಂದ ನಮಗೆ, ವ್ಯಾಕರಣ ಗಣಿತಗಳಂತೆ ಅದನ್ನೂ ವಿಶ್ವವಿದ್ಯಾಲಯದಲ್ಲಿ ಅಭ್ಯಸಿಸಬಹುದೆಂಬ ಮಾತು ವಿಚಿತ್ರವಾಗಿ ತೋರುವುದು ಸಹಜ. ಆ ಮಾರ್ಗವನ್ನು ತೆರೆದವರಲ್ಲಿ ಅಗ್ರಗಣ್ಯರು ಮ್ಯಾಕ್ಸ್ ಮುಲ್ಲರ್ ಪಂಡಿತರು. ತಾವು ಅಚ್ಚುಹಾಕಿಸಿದ ಋಗ್ವೇದದ ಮುಖಪತ್ರದಲ್ಲಿ ಇವರು ತಮ್ಮನ್ನು ಮೋಕ್ಷಮೂಲರನೆಂದೂ, ನೆಲೆಸಿದ್ದ ಆಕ್ಸ್‌ಫರ್ಡನ್ನು ಗೋತೀರ್ಥವೆಂದೂ ಕರೆದುಕೊಂಡರು.

ಇವರು 1823ನೆಯ ಇಸವಿ ಡಿಸೆಂಬರ್ 6ರಂದು ಜರ್ಮನಿಯ ಡೆಸ್ಸೌ ಪಟ್ಟಣದಲ್ಲಿ ಜನಿಸಿದರು. ಕವಿಯಾಗಿದ್ದ ತಂದೆ ಬಾಲ್ಯದಲ್ಲಿಯೇ ತೀರಿಕೊಂಡರು. ಲೈಪ್‌ಜಿಗ್‌ನಲ್ಲಿ ಸಂಸ್ಕೃತ ಕಲಿತು, 1845ರಲ್ಲಿ ಪ್ಯಾರಿಸಿಗೆ ಹೋಗಿ ಬುರ್ನೂಫ್ ಎಂಬ ವಿದ್ವಾಂಸರ ಶಿಷ್ಯರಾದರು. ಋಗ್ವೇದವನ್ನು ಸಾಯಣಭಾಷ್ಯಸಮೇತವಾಗಿ ಪ್ರಕಟಿಸಬೇಕೆಂದು ಪ್ರೇರೇಪಿಸಿದವರು ಆ ಗುರುಗಳೇ. ಸಾಯಣಾಚಾರ್ಯರಾದರೋ 14ನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದವರು. ನಮ್ಮ ರಾಯದುರ್ಗ ಸೀಮೆಗೆ ಸಮೀಪದ ಆ ರಾಜಧಾನಿಯ ವಿದ್ಯೆ ಹೀಗೆ ಸಮುದ್ರದಾಚೆ ಬೆಳಕು ಕಂಡಿತು. ಒಂದು ಅಡಂಗಲ್ ನಕಲನ್ನು ಮೂಲದೊಡನೆ ತಾಳೆನೋಡುವುದೇ ಎಷ್ಟು ಬೇಸರದ ಕೆಲಸವೆಂಬುದನ್ನು ಲೆಕ್ಕ ಬರೆಯುವ ನಾನು ಬಲ್ಲೆ. ಇವರು ಹಲವು ಹಸ್ತಪ್ರತಿಗಳನ್ನು ಅಕ್ಷರಾಕ್ಷರ ತಾಳೆನೋಡಿ, 1849ರಿಂದ 1874ರ ವರೆಗೆ 25 ವರ್ಷ ದುಡಿದು 6 ಸಂಪುಟಗಳನ್ನು ಹೊರತಂದರು. ಖರ್ಚಿಗೆ ಮೊದಲು ಒಪ್ಪಿದುದು ಈಸ್ಟ್ ಇಂಡಿಯಾ ಕಂಪನಿ. ಎರಡನೆಯ ಮುದ್ರಣಕ್ಕೆ ಆಂಧ್ರದ ವಿಜಯನಗರಂ ಮಹಾರಾಜರು ದ್ರವ್ಯಸಹಾಯ ಮಾಡಿದರು.

ಇಷ್ಟು ವಿದ್ವತ್ತಿದ್ದರೂ 1860ರಲ್ಲಿ ಇವರಿಗೆ ದೊಡ್ಡ ಪೆಟ್ಟು ಬಿದ್ದಿತು. ಆಕ್ಸ್‌ಫರ್ಡಿನ ಬೋಡನ್ ಸಂಸ್ಕೃತ ಪೀಠವನ್ನು ದಾನಿಯು ಸ್ಥಾಪಿಸಿದ್ದುದೇ ಭಾರತೀಯರನ್ನು ಕ್ರೈಸ್ತಮತಕ್ಕೆ ತರುವ ಉದ್ದೇಶದಿಂದ. ಪದವೀಧರರ ಮತದಿಂದ ಪ್ರಾಧ್ಯಾಪಕರ ಆಯ್ಕೆ. ಮತದಾರರಲ್ಲಿ ಪಾದ್ರಿಗಳು ಬಹುಮಂದಿ. ಮೋನಿಯರ್ ವಿಲಿಯಮ್ಸರಿಗೆ 833, ಇವರಿಗೆ 610 ಮತಗಳು ಬಂದವು. ಪರದೇಶಿ, ಮೇಲಾಗಿ ಮತವಿಷಯದಲ್ಲಿ ಉದಾರಿ ಎಂಬುದೇ ಇವರ ಮೇಲಿನ ಆಕ್ಷೇಪ. 1868ರಲ್ಲಿ ಇವರಿಗಾಗಿಯೇ ತುಲನಾತ್ಮಕ ಭಾಷಾಶಾಸ್ತ್ರದ ಪೀಠವು ಏರ್ಪಟ್ಟಿತು.

1870ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಇವರು ಧರ್ಮಶೋಧನೆಗೂ ಒಂದು ಶಾಸ್ತ್ರವುಂಟೆಂದು ಪ್ರತಿಪಾದಿಸಿದರು. ಒಂದೇ ಮತವನ್ನು ಬಲ್ಲವನು ಅದನ್ನೂ ಪೂರ್ಣವಾಗಿ ಅರಿಯನೆಂಬುದು ಇವರ ವಾದದ ಸಾರ. ವೇದದ ದ್ಯೌಷ್ಪಿತೃ, ಗ್ರೀಕರ ಜ್ಯೂಸ್, ರೋಮನರ ಜೂಪಿಟರ್ ಎಂಬ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವು ಒಂದೇ ಮೂಲದ ಕವಲುಗಳೆಂದು ತೋರಿಸಿದರು. ತಮ್ಮ ಕ್ರೈಸ್ತಮತವನ್ನು ಬಿಡಲಿಲ್ಲ. ಆದರೆ ಪರೀಕ್ಷೆಯಿಂದ ಅದನ್ನು ಹೊರಗಿಡಲೂ ಇಲ್ಲ. ಅದಕ್ಕಾಗಿಯೇ 1891ರಲ್ಲಿ ಗ್ಲಾಸ್ಗೋದಲ್ಲಿ ಇವರು ಕ್ರೈಸ್ತದ್ರೋಹಿಯೆಂಬ ಆರೋಪವನ್ನು ಕೇಳಬೇಕಾಯಿತು. ಇವರ ಸಂಪಾದಕತ್ವದಲ್ಲಿ 1879ರಿಂದ ಹೊರಬಂದ ಪೂರ್ವದೇಶಗಳ ಪವಿತ್ರಗ್ರಂಥಮಾಲೆಯು 50 ಸಂಪುಟಗಳದ್ದು. ಅದರಲ್ಲಿ ಭಗವದ್ಗೀತೆಯನ್ನು ಭಾಷಾಂತರಿಸಿದವರು ಮುಂಬಯಿಯ ಕಾಶೀನಾಥ ತ್ರ್ಯಂಬಕ ತೆಲಂಗರು.

ಇವರನ್ನು ಋಷಿಗಳ ಸಾಲಿಗೆ ಸೇರಿಸುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಮ್ಮ ಪ್ರಾಚೀನ ಧರ್ಮವು ಅಳಿಯಲಿದೆಯೆಂದು 1868ರಲ್ಲಿ ಬ್ರಿಟಿಷ್ ಮಂತ್ರಿಗೆ ಕಾಗದ ಬರೆದವರೂ ಇವರೇ. ಆ ಲೆಕ್ಕ ತಪ್ಪಾಯಿತು. ಇವರೂ ಅಲ್ಲಿಯೇ ನಿಲ್ಲಲಿಲ್ಲ: 1882ರಲ್ಲಿ ಕೇಂಬ್ರಿಜ್ಜಿನಲ್ಲಿ, ಭಾರತದ ಅಧಿಕಾರಿಗಳಾಗಲಿದ್ದ ಯುವಕರ ಮುಂದೆ ನಿಂತು, ಭಾರತದಿಂದ ಕಲಿಯಬೇಕಾದುದೇನೆಂಬುದನ್ನು ವಿವರಿಸಿದರು. 1896ನೆಯ ಮೇ 28ರಂದು ಸ್ವಾಮಿ ವಿವೇಕಾನಂದರು ಇವರ ಮನೆಗೆ ಬಂದರು. ಸ್ವಾಮಿಗಳು ಹಿಂದಿರುಗುವಾಗ ಎಪ್ಪತ್ತು ದಾಟಿದ ಈ ವೃದ್ಧರು ರೈಲ್ವೆ ನಿಲ್ದಾಣದವರೆಗೂ ಬಂದು ಬೀಳ್ಕೊಟ್ಟರು. ಎರಡು ವರ್ಷಗಳಲ್ಲಿ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದು ಪ್ರಕಟಿಸಿದರು.

1900ನೆಯ ಅಕ್ಟೋಬರ್ 28ರಂದು ಆಕ್ಸ್‌ಫರ್ಡಿನಲ್ಲಿ ದೇಹವನ್ನು ಬಿಟ್ಟರು. ಭಾರತದ ನೆಲವನ್ನು ಅವರು ಒಮ್ಮೆಯೂ ಮೆಟ್ಟಿರಲಿಲ್ಲ.