ಪಡೆದುದನ್ನು ಮರಳಿ ಒಪ್ಪಿಸಿದ ಮುಖ್ಯಮಂತ್ರಿ : ಶ್ರೀ ಎಸ್. ಆರ್. ಕಂಠಿ

ಸಗರನಾಡಿನ ಹೊಲಗಳಿಗೆ ಕಾಲುವೆಯಲ್ಲಿ ಹರಿದುಬರುವ ಕೃಷ್ಣೆಯ ನೀರು ನಾರಾಯಣಪುರದ ಬಸವಸಾಗರದಿಂದ ಬರುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾದುದಿಲ್ಲ. ಆ ಜಲಾಶಯದ ಹಿನ್ನೀರನ್ನು ಅನುಸರಿಸಿ ಮೇಲಕ್ಕೆ ಹೋದರೆ, ನದಿಯ ಬಲದಂಡೆಯಲ್ಲಿ, ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಕೂಡಲಸಂಗಮವನ್ನು ತನ್ನೊಳಗೆ ಹೊಂದಿರುವ ಹುನಗುಂದದ ಸೀಮೆ ಸಿಗುತ್ತದೆ. ಆ ಸೀಮೆಯ ಜನ ತಮ್ಮ ಪ್ರತಿನಿಧಿಯಾಗಿ ಆರಿಸಿ ಕಳುಹಿಸಿದ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು ಈ ರಾಜ್ಯದ ವಿಧಾನಸಭೆಯ ಅಧ್ಯಕ್ಷರಾಗಿದ್ದರು, ಮುಖ್ಯಮಂತ್ರಿಗಳಾಗಿದ್ದರು, ಬಳಿಕ ವಿದ್ಯಾಮಂತ್ರಿಗಳಾಗಿದ್ದರು. ಆದರೂ ಇಂದಿನ ಪೀಳಿಗೆಗೆ ಅವರು ಮುಖ್ಯಮಂತ್ರಿಗಳ ಯಾದಿಯಲ್ಲಿ ಜತ್ತಿ ಮತ್ತು ನಿಜಲಿಂಗಪ್ಪ ಎಂಬೆರಡು ದೊಡ್ಡ ಹೆಸರುಗಳ ನಡುವೆ ಸಿಕ್ಕಿಕೊಂಡ ಒಂದು ಹೆಸರು ಮಾತ್ರ. ಪರೀಕ್ಷೆಗಾಗಿ ಕಂಠಪಾಠ ಮಾಡುವ ಬಾಲಕರು ಬಿಟ್ಟುಬಿಡುವ ಹೆಸರೂ ಬಹುಮಟ್ಟಿಗೆ ಅದೇ. ೧೯೬೨ರಲ್ಲಿ ಆರಂಭವಾದ ಮೂರನೆಯ ವಿಧಾನಸಭೆಯ ಕಾಲಾವಧಿಯನ್ನು ತುಸು ಸಾವಧಾನದಿಂದ ನೋಡಿದವರಿಗೆ ಈ ಮರೆವು ನ್ಯಾಯವೆಂದು ತೋರಲಾರದು.

ಕಂಠಿಯವರು ಜನಿಸಿದುದು ೧೯೦೮ನೆಯ ಇಸವಿಯ ಡಿಸೆಂಬರ್ ೨೧ರಂದು, ಬಾದಾಮಿ ತಾಲೂಕಿನ ಕೆರೂರಿನಲ್ಲಿ. ಅಂದು ಆ ಊರು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿತ್ತು. ೧೯೯೭ರಲ್ಲಿ ಜಿಲ್ಲೆ ಒಡೆದ ಮೇಲೆ ಬಾಗಲಕೋಟೆ ಜಿಲ್ಲೆಗೆ ಸಂದಿತು. ಕಾನೂನು ಓದಿ ವಕೀಲಿ ವೃತ್ತಿಯನ್ನು ಕೈಕೊಂಡು, ಕಾಂಗ್ರೆಸ್ಸಿನ ಮೂಲಕ ಸಾರ್ವಜನಿಕ ಜೀವನವನ್ನು ಪ್ರವೇಶಿಸಿ, ಅವರು ಮುಂಬಯಿ ವಿಧಾನಸಭೆಯ ಸದಸ್ಯರಾದರು. ಅಲ್ಲಿ ಮರಾಠಿ, ಗುಜರಾತಿ, ಕನ್ನಡ ಎಂಬ ಮೂರು ನುಡಿಗಳ ಜನ ಒಂದೇ ಸದನದಲ್ಲಿ ಕುಳಿತಿದ್ದರು. ಅವರಲ್ಲಿ ಕನ್ನಡಿಗರ ಸಂಖ್ಯೆ ಸ್ವಲ್ಪವೇ. ಅಂತಹ ಸದನ ಹುನಗುಂದದ ಕಡೆಯ ಈ ಕನ್ನಡಿಗ ವಕೀಲರನ್ನು ತನ್ನ ಉಪಾಧ್ಯಕ್ಷರನ್ನಾಗಿ ಆರಿಸಿಕೊಂಡಿತೆಂಬುದು ಅವರ ಸ್ವಭಾವಕ್ಕೆ ಸಂದ ಮೊದಲನೆಯ ಸಾಕ್ಷಿ.

ಮುಂಬಯಿಯ ಆ ದಿನಗಳ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಮುಂದಿನ ಕಥೆಗೆ ಅದು ಬೇಕಾಗುತ್ತದೆ. ೧೯೫೨ರ ಮೊದಲ ಮಹಾಚುನಾವಣೆಯಲ್ಲಿ ಮೊರಾರ್ಜಿ ದೇಸಾಯಿಯವರು ತಮ್ಮ ಕ್ಷೇತ್ರದಲ್ಲಿ ಅತ್ಯಲ್ಪ ಮತಗಳಿಂದ ಸೋತರು. ಸೋತರೂ ಅವರೇ ಮುಂಬಯಿ ರಾಜ್ಯದ ಮುಖ್ಯಮಂತ್ರಿಗಳಾದರು; ಉಪಚುನಾವಣೆಯ ಗೆಲುವು ಆಮೇಲೆ ಬಂತು. ಸಂವಿಧಾನಕ್ಕೆ ಇದು ವಿರುದ್ಧವಲ್ಲ. ಶಾಸಕನಲ್ಲದವನೂ ಆರು ತಿಂಗಳ ಮಟ್ಟಿಗೆ ಮಂತ್ರಿಯಾಗಿರಲು ಅದರಲ್ಲಿ ಅವಕಾಶವಿದೆ. ಹತ್ತು ವರ್ಷಗಳ ತರುವಾಯ ಇಂತಹದೇ ಪ್ರಶ್ನೆ ಮೈಸೂರು ರಾಜ್ಯದಲ್ಲಿ ತಲೆದೋರಿದಾಗ ಅದಕ್ಕೆ ಬೇರೊಂದು ಉತ್ತರ ದೊರೆಯಿತು. ಆ ಉತ್ತರದ ಭಾರ ಬಿದ್ದುದು ಕಂಠಿಯವರ ಹೆಗಲ ಮೇಲೆ.

೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತು. ಹಳೆಯ ಮೈಸೂರು, ಮುಂಬಯಿಯ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು ಜಿಲ್ಲೆಗಳು, ಮದರಾಸಿನ ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲ, ಮತ್ತು ಕೊಡಗು — ಹೀಗೆ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಜನ ಒಂದು ಸರಕಾರದ ಕೆಳಗೆ ಬಂದರು. ಯಾದಗಿರಿ, ಶಹಾಪುರ, ಸುರಪುರಗಳ ಪ್ರತಿನಿಧಿಗಳು ಅಲ್ಲಿಯವರೆಗೆ ಹೈದರಾಬಾದಿನ ವಿಧಾನಸಭೆಯಲ್ಲಿ ಕುಳಿತಿದ್ದವರು. ನಿಜಾಮನ ಆಳಿಕೆಯಲ್ಲಿ ಕಚೇರಿ, ನ್ಯಾಯಾಲಯ, ಶಾಲೆಗಳಲ್ಲೆಲ್ಲ ಉರ್ದುವೇ ಮೆರೆದುದರಿಂದ, ನಮ್ಮ ಕಡೆಯ ಹಿರಿಯರಿಗೆ ಕಾನೂನಿನ ಮಾತು ಬಾಯಿಗೆ ಬರುತ್ತಿದ್ದುದೇ ಆ ಭಾಷೆಯಲ್ಲಿ. ಹಳೆಯ ಮೈಸೂರಿನವರಿಗೆ ಅರಸರ ಕಾಲದ ಪ್ರಜಾಪ್ರತಿನಿಧಿ ಸಭೆಯ ರೂಢಿ, ಮುಂಬಯಿ ಕಡೆಯವರಿಗೆ ಅಲ್ಲಿಯ ಕಟ್ಟುಕಟ್ಟಳೆ. ಇವರೆಲ್ಲರೂ ಆ ವರ್ಷದ ಡಿಸೆಂಬರಿನಲ್ಲಿ, ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಹೊಸ ವಿಧಾನಸೌಧದಲ್ಲಿ, ಒಂದು ಸಭೆಯಾಗಿ ಕುಳಿತರು. ಆ ಸಭೆಯ ಅಧ್ಯಕ್ಷಪೀಠ ಕಂಠಿಯವರದಾಯಿತು. ೧೯೫೭ರಲ್ಲಿ ಚುನಾವಣೆ ನಡೆದು ೨೦೮ ಸ್ಥಾನಗಳ ಹೊಸ ವಿಧಾನಸಭೆ ಬಂದ ಮೇಲೆಯೂ ಆ ಪೀಠ ಅವರಲ್ಲಿಯೇ ಉಳಿದು, ೧೯೬೨ರವರೆಗೆ ನಡೆಯಿತು.

ಇಂಗ್ಲಿಷಿನಲ್ಲಿ ಈ ಪದವಿಗೆ ಸ್ಪೀಕರ್ ಎಂದು ಹೆಸರು, ಮಾತನಾಡುವವನು ಎಂದರ್ಥ. ಆದರೆ ಸದನದಲ್ಲಿ ಎಲ್ಲರಿಗಿಂತ ಕಡಿಮೆ ಮಾತನಾಡತಕ್ಕವನು ಆತನೇ. ನಮ್ಮ ಸಭಾಧ್ಯಕ್ಷನೆಂಬ ಪದವೇ ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ. ಎರಡೂ ಪಕ್ಷಗಳ ಮತ ಸಮಸಮನಾದಾಗಲಲ್ಲದೆ ಆತ ಮತ ನೀಡುವಂತಿಲ್ಲ. ತಾನು ಗೆದ್ದುಬಂದ ಪಕ್ಷದ ಪರವಾಗಿ ವಾದಿಸುವಂತಿಲ್ಲ. ಮುನಿದವನಿಗೂ ಮಾತಿನ ಸರದಿ ಕೊಡಬೇಕು. ಕಂಠಿಯವರ ಅಧ್ಯಕ್ಷತೆಯಲ್ಲಿ ಆ ಸಭೆ ಕೈಗೆತ್ತಿಕೊಂಡ ಕೆಲಸ ಸಣ್ಣದಲ್ಲ. ಐದು ಕಡೆಯ ಐದು ಬಗೆಯ ಕಾಯಿದೆಗಳನ್ನು ಒಂದೇ ಅಚ್ಚಿಗೆ ತರುವುದು ಆಗಿನ ದೊಡ್ಡ ಹೊರೆ. ಗೇಣಿಯ ವಿಷಯವನ್ನೇ ನೋಡಿರಿ: ಹುನಗುಂದದ ರೈತನಿಗೆ ೧೯೪೮ರ ಮುಂಬಯಿ ಕಾಯಿದೆ, ಸುರಪುರದ ರೈತನಿಗೆ ೧೯೫೦ರ ಹೈದರಾಬಾದ್ ಕಾಯಿದೆ. ಒಂದೇ ನದಿಯ ನೀರು ಕುಡಿಯುವ ಇಬ್ಬರು ಒಕ್ಕಲಿಗರು ತಮ್ಮ ಭೂಮಿಯ ಹಕ್ಕನ್ನು ಎರಡು ಬೇರೆ ಪುಸ್ತಕಗಳಲ್ಲಿ ಹುಡುಕಬೇಕಾಗಿತ್ತು. ೧೯೬೧ರ ಮೈಸೂರು ಭೂಸುಧಾರಣಾ ಕಾಯಿದೆ ಇದನ್ನು ಒಂದುಗೂಡಿಸಿತು. ೧೯೬೫ರ ಅಕ್ಟೋಬರ್ ೨ರಿಂದ ಜಾರಿಗೆ ಬಂತು. ಗ್ರಾಮ ಪಂಚಾಯಿತಿಗಳಿಗೆ ಒಂದೇ ರೂಪ ಕೊಟ್ಟ ೧೯೫೯ರ ಕಾಯಿದೆಯೂ ಅದೇ ಸಭೆಯದು. ಇವನ್ನು ಮಂಡಿಸಿದ ಮಂತ್ರಿಗಳ ಹೆಸರು ಜನರ ಬಾಯಲ್ಲಿರಬಹುದು. ಅವುಗಳ ಮೇಲಿನ ವಾಗ್ವಾದ ಹಳಿ ತಪ್ಪದಂತೆ ನೋಡಿಕೊಂಡವರ ಹೆಸರು ನೆನಪಿನಲ್ಲಿರುವುದು ಕಡಿಮೆ. ಆ ಪೀಠದ ಹಣೆಬರಹವೇ ಅಂತಹದು.

೧೯೬೨ರ ಚುನಾವಣೆ ಬಂತು. ೨೦೮ ಸ್ಥಾನಗಳಲ್ಲಿ ಕಾಂಗ್ರೆಸ್ಸು ೧೩೮ನ್ನು ಗೆದ್ದಿತು. ಪ್ರಜಾ ಸಮಾಜವಾದಿಗಳು ೨೦ನ್ನು. ರಾಜ್ಯದಲ್ಲಿ ಕಾಂಗ್ರೆಸ್ಸಿನ ಅಗ್ರನಾಯಕರೂ, ಏಕೀಕೃತ ನಾಡಿನ ಮೊದಲ ಮುಖ್ಯಮಂತ್ರಿಗಳೂ ಆಗಿದ್ದ ನಿಜಲಿಂಗಪ್ಪನವರು ಮಾತ್ರ ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರೆದುರು ಸೋತುಹೋದರು. ಸೈನ್ಯ ಗೆದ್ದಿತು, ಸೇನಾಪತಿ ಬಿದ್ದನು. ೧೯೫೮ರಿಂದ ಮುಖ್ಯಮಂತ್ರಿಗಳಾಗಿದ್ದ ಜಮಖಂಡಿಯ ಬಸಪ್ಪ ದಾನಪ್ಪ ಜತ್ತಿಯವರು ಗೆದ್ದುಬಂದಿದ್ದರು. ಆದರೆ ಶಾಸಕಪಕ್ಷದಲ್ಲಿ ನಿಜಲಿಂಗಪ್ಪನವರ ಕಡೆಯವರ ಬಲವೇ ಹೆಚ್ಚು. ಎರಡು ಬಣಗಳೂ ಪಟ್ಟು ಸಡಿಲಿಸದೆ ನಿಂತಿದ್ದರೆ, ಏಕೀಕರಣವಾಗಿ ಆರು ವರ್ಷವೂ ತುಂಬದ ರಾಜ್ಯ ಇನ್ನೊಮ್ಮೆ ಒಳಜಗಳಕ್ಕೆ ತುತ್ತಾಗುತ್ತಿತ್ತು.

ಮುಂಬಯಿಯಲ್ಲಿ ಮೊರಾರ್ಜಿಯವರು ಹಿಡಿದ ದಾರಿ ಇಲ್ಲಿಯೂ ತೆರೆದಿತ್ತು. ಅದನ್ನು ಹಿಡಿಯಲಿಲ್ಲ. ನಿಜಲಿಂಗಪ್ಪನವರು ಮತ್ತೆ ಜನರಿಂದ ಆರಿಸಿ ಬರುವವರೆಗೆ ಅಧಿಕಾರವನ್ನು ಹಿಡಿದಿರಲು ಒಬ್ಬರು ಬೇಕಾಯಿತು. ಹಿಡಿದಿರುವವರು ಬೇಕು, ಹಿಡಿದುಕೊಂಡುಬಿಡುವವರು ಬೇಡ! ರಾಜಕೀಯದಲ್ಲಿ ಇಂತಹ ಆಳನ್ನು ಹುಡುಕುವುದು ಸುಲಭದ ಮಾತಲ್ಲ. ಆಯ್ಕೆ ಕಂಠಿಯವರ ಮೇಲೆ ನಿಂತುದಕ್ಕೆ ಅವರು ನಿಜಲಿಂಗಪ್ಪನವರಿಗೆ ಆಪ್ತರಾಗಿದ್ದುದು ಒಂದು ಕಾರಣ. ಆದರೆ ಆಪ್ತರು ಬೇರೆಯವರೂ ಇದ್ದರು. ಐದು ವರ್ಷಕ್ಕೂ ಮೀರಿ ಸಭಾಧ್ಯಕ್ಷ ಪೀಠದಲ್ಲಿ, ತನ್ನದಲ್ಲದ ಅಧಿಕಾರವನ್ನು ಸಭೆಯ ಪರವಾಗಿ ಹಿಡಿದು ನಡೆಸಿದ ಅಭ್ಯಾಸ ಅವರೊಬ್ಬರಿಗೇ ಇತ್ತು. ಎರಡು ಬಣದವರೂ ಅವರ ಮುಂದೆ ಕುಳಿತು, ಅವರ ತೀರ್ಪಿಗೆ ತಲೆಬಾಗಿದ್ದವರು. ನನ್ನ ಎಣಿಕೆಯಲ್ಲಿ ಇದೇ ಮುಖ್ಯ ಕಾರಣ.

೧೯೬೨ರ ಮಾರ್ಚ್ ೧೪ರಂದು ಕಂಠಿಯವರು ಮುಖ್ಯಮಂತ್ರಿಗಳಾದರು. ಆಗ ರಾಜ್ಯಪಾಲರಾಗಿದ್ದವರು ಹಿಂದೆ ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜ ಒಡೆಯರು. ಅರಸೊತ್ತಿಗೆಯನ್ನು ಪ್ರಜೆಗಳಿಗೆ ಒಪ್ಪಿಸಿದವರು ರಾಜಭವನದಲ್ಲಿ, ಅಧಿಕಾರವನ್ನು ಒಪ್ಪಿಸಲಿದ್ದವರು ವಿಧಾನಸೌಧದಲ್ಲಿ! ಕಂಠಿಯವರು ತೆರವು ಮಾಡಿದ ಸಭಾಧ್ಯಕ್ಷ ಪೀಠಕ್ಕೆ ದಕ್ಷಿಣ ಕನ್ನಡದ ವೈಕುಂಠ ಬಾಳಿಗರು ಬಂದರು. ಎದುರು ಸಾಲಿನಲ್ಲಿ ಶಾಂತವೇರಿ ಗೋಪಾಲಗೌಡರಂತಹ ನಿರ್ಭೀತ ಸಮಾಜವಾದಿಗಳು ಕುಳಿತರು. ಅಷ್ಟರಲ್ಲಿ ಬಾಗಲಕೋಟೆಯಿಂದ ಗೆದ್ದು ಬಂದಿದ್ದ ಬಿ. ಟಿ. ಮುರನಾಳರು ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ನಿಜಲಿಂಗಪ್ಪನವರು ಆ ಕ್ಷೇತ್ರದಿಂದ ಅವಿರೋಧವಾಗಿ ಆಯ್ಕೆಯಾದರು. ಜೂನ್ ೨೦ರಂದು ಕಂಠಿಯವರು ಪದವಿಯನ್ನು ಬಿಟ್ಟರು. ಮರುದಿನ ನಿಜಲಿಂಗಪ್ಪನವರು ಅದನ್ನು ವಹಿಸಿಕೊಂಡರು. ನೂರಕ್ಕೆ ಒಂದೆರಡು ದಿನ ಕಡಿಮೆ. ಪದವಿ ಬಿಡಲು ಅವರು ಒಂದು ವಾರದ ವಾಯಿದೆಯನ್ನೂ ಬೇಡಿದವರಲ್ಲ.

ಜನ ಕಂಠಿಯವರನ್ನು ಭರತನಿಗೆ ಹೋಲಿಸಿ ಹೊಗಳಿದರು. ಇಂದಿಗೂ ಬಲ್ಲವರು ಹಾಗೆ ಹೋಲಿಸುವುದುಂಟು. ಹೋಲಿಕೆ ಸೊಗಸಾದುದೇ, ಆದರೆ ಪೂರ್ತಿ ಒಪ್ಪುವುದಿಲ್ಲ. ಭರತನು ಸಿಂಹಾಸನದ ಮೇಲೆ ಪಾದುಕೆಗಳನ್ನಿಟ್ಟು ತಾನು ಕೆಳಗೆ ಕುಳಿತನು. ಕಂಠಿಯವರಾದರೋ ಸಿಂಹಾಸನದ ಮೇಲೆಯೇ ಕುಳಿತು, ಕಡತಗಳಿಗೆ ರುಜು ಹಾಕಿ, ಮಂತ್ರಿಮಂಡಲವನ್ನು ನಡೆಸಿದವರು. ಒಮ್ಮೆ ಕುಳಿತು ರುಚಿ ಕಂಡ ಮೇಲೆ ಏಳುವುದು, ಕೂಡದೆಯೇ ಇರುವುದಕ್ಕಿಂತ ಕಷ್ಟ. ಮೇಲಾಗಿ ಭರತನನ್ನು ಕೊಂಡಾಡುವಾಗ ನಾವು ಮುರನಾಳರನ್ನು ಮರೆಯುತ್ತೇವೆ. ಕಂಠಿಯವರು ಬಿಟ್ಟುದು ತಮ್ಮದಲ್ಲವೆಂದು ಮೊದಲೇ ತಿಳಿದಿದ್ದ ಪದವಿಯನ್ನು. ಮುರನಾಳರು ಬಿಟ್ಟುಕೊಟ್ಟುದು ಬಾಗಲಕೋಟೆಯ ಮತದಾರರು ಐದು ವರ್ಷಕ್ಕೆಂದು ತಮಗೇ ಕೊಟ್ಟಿದ್ದ ಸ್ಥಾನವನ್ನು.

ಈ ವ್ಯವಸ್ಥೆಗೆ ಆಕ್ಷೇಪವೇ ಇಲ್ಲವೆಂದು ಹೇಳಲಾಗದು. ಹೊಸದುರ್ಗದ ಜನ ಬೇಡವೆಂದ ನಾಯಕರನ್ನು ಬಾಗಲಕೋಟೆಯ ಮಾರ್ಗವಾಗಿ ಕರೆತರುವುದು ಮತದಾರನ ತೀರ್ಪಿಗೆ ತೋರಿದ ಗೌರವವೇ ಎಂದು ಕೇಳಿದರೆ, ಆ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅವಿರೋಧ ಆಯ್ಕೆಯಲ್ಲಿ ಬಾಗಲಕೋಟೆಯ ಮತದಾರನಿಗೆ ಮತ ಹಾಕುವ ಅವಕಾಶವೂ ಬರಲಿಲ್ಲ. ಆದರೂ ಸೋತವರು ನೇರವಾಗಿ ಅಧಿಕಾರಕ್ಕೇರದೆ, ಮೊದಲು ಶಾಸಕರಾಗಿ ಬಂದು ಆಮೇಲೆ ಮುಖ್ಯಮಂತ್ರಿಗಳಾದುದು, ಮುಂಬಯಿಯ ಮಾದರಿಗಿಂತ ಒಂದು ಹೆಜ್ಜೆ ಮೇಲು. ಆ ಒಂದು ಹೆಜ್ಜೆ ಸಾಧ್ಯವಾದುದು ನಡುವೆ ನಂಬತಕ್ಕವರೊಬ್ಬರು ಇದ್ದುದರಿಂದ.

ಇಳಿದವರು ಮನೆಗೆ ಹೋಗಿ ಕುಳಿತುಕೊಳ್ಳಲಿಲ್ಲ. ತಾವು ಬಿಟ್ಟ ಪೀಠದಲ್ಲಿ ಕುಳಿತವರ ಮಂತ್ರಿಮಂಡಲದಲ್ಲಿಯೇ ವಿದ್ಯಾಮಂತ್ರಿಗಳಾಗಿ ಕೆಲಸಕ್ಕೆ ನಿಂತರು. ಮುಂದೆ ಭಾರತದ ಉಪರಾಷ್ಟ್ರಪತಿಗಳಾದ ಜತ್ತಿಯವರೂ ಆ ಮಂತ್ರಿಮಂಡಲವನ್ನು ಸೇರಿದರು. ಒಬ್ಬ ಮುಖ್ಯಮಂತ್ರಿಯ ಕೈಕೆಳಗೆ ಇಬ್ಬರು ಮಾಜಿ ಮುಖ್ಯಮಂತ್ರಿಗಳು, ಅವರಿಬ್ಬರೂ ವಿಜಾಪುರ ಜಿಲ್ಲೆಯವರು! ಹಿರಿತನದ ಪ್ರಶ್ನೆಗೇ ಸಂಪುಟಗಳು ಮುರಿದು ಬೀಳುವುದನ್ನು ಕಂಡ ಮುಂದಿನ ತಲೆಮಾರಿನವರಿಗೆ ಇದು ಪುರಾಣದ ಕಥೆಯಂತೆ ತೋರೀತು. ವಿಜಾಪುರದ ಸೈನಿಕ ಶಾಲೆ ೧೯೬೩ರ ಸೆಪ್ಟೆಂಬರಿನಲ್ಲಿ ಆರಂಭವಾಗುವುದಕ್ಕೆ ಅವರ ಪ್ರಯತ್ನ ಮುಖ್ಯ ಕಾರಣವಾಯಿತು. ಉತ್ತರ ಕರ್ನಾಟಕದ ಹಳ್ಳಿಗಳ ಎಷ್ಟೋ ಮಕ್ಕಳು ಅಲ್ಲಿ ಕಲಿತು ಸೇನೆಯಲ್ಲಿ ಅಧಿಕಾರಿಗಳಾಗಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯ ೧೯೬೪ರಲ್ಲಿ ಹುಟ್ಟಿದುದೂ ಅದೇ ವಿಧಾನಸಭೆಯ ಅವಧಿಯಲ್ಲಿ. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಸಾರಿದ ೧೯೬೩ರ ಕಾಯಿದೆಯೂ ಆ ಸದನದ್ದೇ. ಉರ್ದುವಿನಲ್ಲಿ ಬರೆದ ಅರ್ಜಿಯಿಲ್ಲದೆ ಕಚೇರಿಯ ಮೆಟ್ಟಿಲು ಹತ್ತಲಾಗದಿದ್ದ ಸಗರನಾಡಿನವರಿಗೆ ಆ ಕಾಯಿದೆಯ ಬೆಲೆ ಏನೆಂಬುದನ್ನು ಬೆಂಗಳೂರಿನವರು ಅಷ್ಟಾಗಿ ಅರಿಯರು.

ಇನ್ನು ನೀರಿನ ಮಾತು. ೧೯೬೪ರ ಮೇ ೨೨ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಅವರು ಪ್ರಧಾನಮಂತ್ರಿಗಳಾದುದು ಅದಾಗಿ ಮೂರು ವಾರದೊಳಗೆ. ಆಗ ರಾಜ್ಯವನ್ನಾಳುತ್ತಿದ್ದುದು ಬಾಗಲಕೋಟೆಯಿಂದ ಆರಿಸಿ ಬಂದ ನಿಜಲಿಂಗಪ್ಪನವರ ಸರಕಾರ, ಅದರಲ್ಲಿ ಹುನಗುಂದದ ಕಂಠಿಯವರು ಮಂತ್ರಿಗಳು. ಆ ಯೋಜನೆಯ ಫಲವಾಗಿ ನಾರಾಯಣಪುರದ ಎಡದಂಡೆ ಕಾಲುವೆಯಿಂದ ೧೯೮೦ರ ದಶಕದಲ್ಲಿ ನಮ್ಮ ಸುರಪುರ, ಶಹಾಪುರಗಳ ಎರೆಭೂಮಿಗೆ ನೀರು ಬರತೊಡಗಿತು. ಬಸವಸಾಗರದ ಹಿನ್ನೀರು ಕೂಡಲಸಂಗಮದವರೆಗೂ ನಿಂತಿತು. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಪಟ್ಟಣದ ಬಹುಭಾಗ ಮುಳುಗಿ, ಜನ ನವನಗರಕ್ಕೆ ಹೋಗಬೇಕಾಯಿತು. ೧೯೬೨ರಲ್ಲಿ ತನ್ನ ಶಾಸಕ ಸ್ಥಾನವನ್ನು ಬಿಟ್ಟುಕೊಟ್ಟ ಊರು ಆಮೇಲೆ ತನ್ನ ಮನೆಮಠಗಳನ್ನೂ ಬಿಟ್ಟುಕೊಟ್ಟಿತು. ಆ ನೀರಿನಿಂದ ನಮ್ಮ ಕಡೆ ಭತ್ತ ಬೆಳೆಯುತ್ತದೆ. ಕಾಲುವೆಯ ಕೊನೆಯ ಹಳ್ಳಿಗೆ ನೀರು ಮುಟ್ಟದೆ ಹೋದಾಗ ನಾವು ಕೂಗಾಡುತ್ತೇವೆ, ಕೂಗಾಡತಕ್ಕದ್ದೇ. ನೀರಿನ ಮೂಲದಲ್ಲಿದ್ದವರ ಲೆಕ್ಕವನ್ನೂ ನಮ್ಮ ಮಕ್ಕಳಿಗೆ ತಿಳಿಸುವುದು ಮೇಲು.

ಆ ವಿಧಾನಸಭೆಯ ಅವಧಿ ೧೯೬೭ರಲ್ಲಿ ಮುಗಿಯಿತು. ಮರುವರ್ಷ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ರಾಜ್ಯದ ಅಧಿಕಾರವನ್ನು ಬಿಟ್ಟರು. ೧೯೬೯ರ ನವೆಂಬರಿನಲ್ಲಿ ಆ ಮಹಾಸಂಸ್ಥೆ ಇಬ್ಭಾಗವಾಯಿತು. ಅದಾದ ಮರು ತಿಂಗಳು, ಡಿಸೆಂಬರ್ ೨೫ರಂದು, ಅರವತ್ತೊಂದು ವರ್ಷ ತುಂಬಿ ನಾಲ್ಕು ದಿನಕ್ಕೆ, ಕಂಠಿಯವರು ಲಿಂಗೈಕ್ಯರಾದರು. ಮುಧೋಳದ ಮಹಾವಿದ್ಯಾಲಯವೊಂದು ಅವರ ಹೆಸರನ್ನು ಹೊತ್ತಿದೆ. ಅವರು ಆಳಿದುದು ಮೈಸೂರು ರಾಜ್ಯವನ್ನು. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ರ ನವೆಂಬರ್ ೧ರಂದು, ಅವರು ಕಣ್ಮರೆಯಾಗಿ ನಾಲ್ಕನೆಯ ವರ್ಷದಲ್ಲಿ.